ಓದಿ ಹೇಳುವವರು ಬೇಕಾಗಿದ್ದಾರೆ

ಹಗಲೆಲ್ಲ ಸರಕಾರದ ಕಡತಗಳಲ್ಲಿ ಜಮಾ-ಖರ್ಚು ತಾಳೆ ನೋಡುವುದು ನಮ್ಮ ಹೊಟ್ಟೆಪಾಡು. ಆ ಚಾಳಿ ಮನೆಗೆ ಬಂದ ಮೇಲೂ ಬಿಡುವುದಿಲ್ಲ. 2025ನೆಯ ಇಸವಿಯ ಸಾಹಿತ್ಯ, ಸಿನಿಮಾ ಸಮಾಚಾರಗಳನ್ನು ಈ ಅಂಕಣಕ್ಕಾಗಿ ಒಟ್ಟುಮಾಡಲು ಕುಳಿತವರು, ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದೇಬಿಟ್ಟೆವು. ಬರೆಯುತ್ತ ಹೋದಂತೆ ಎರಡೂ ಕಡೆ ದೊಡ್ಡ ರಕಮುಗಳೇ ಬಿದ್ದುವು.

ಮೊದಲು ಜಮಾ ನೋಡೋಣ. ಆ ವರ್ಷದ ಮೇ 20ರಂದು ಲಂಡನ್ನಿನಲ್ಲಿ, ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಪಾರಿತೋಷಕ ಬಂತು. ಕನ್ನಡದ ಕೃತಿಯೊಂದಕ್ಕೆ ಇದು ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಕತೆಗಳು 12, 1990ರಿಂದ 2023ರವರೆಗೆ, ಮೂರು ದಶಕಗಳ ಅವಧಿಯಲ್ಲಿ ಬರೆದವು. ಬಹುಮಾನದ 50,000 ಪೌಂಡುಗಳಲ್ಲಿ ಅರ್ಧ ಹಾಸನದ ವಕೀಲೆಯಾದ ಲೇಖಕಿಗೆ, ಇನ್ನರ್ಧ ಕೊಡಗಿನ ಅನುವಾದಕಿ ದೀಪಾ ಭಾಸ್ತಿಯವರಿಗೆ. ಬರೆದವರಿಗೂ ಭಾಷೆ ದಾಟಿಸಿದವರಿಗೂ ಸಮಪಾಲು. ಈ ನ್ಯಾಯ ನಮಗೆ ಬಹಳ ಹಿಡಿಸಿತು.

ಸುದ್ದಿ ಬಂದಾಗ ನಮ್ಮ ಮುಂಬಯಿ ಕಚೇರಿಯ ಮರಾಠಿ, ಗುಜರಾತಿ ಮಿತ್ರರು ಬಹುಮಾನ ನಮಗೇ ಬಂದಿತೋ ಎಂಬಂತೆ ಕೈಕುಲುಕಿದರು. ಚಹದ ಖರ್ಚೂ ನಮ್ಮ ತಲೆಗೇ ಕಟ್ಟಿತು. ಚಹ ಕುಡಿಯುತ್ತ, “ಅಂಥದೇನಿದೆ ಆ ಪುಸ್ತಕದಲ್ಲಿ? ಒಂದು ಕತೆ ಹೇಳಿ ನೋಡೋಣ” ಎಂದರು. ‘ಎದೆಯ ಹಣತೆ’ಯನ್ನು ನಮಗೆ ಬಂದ ಮರಾಠಿಯಲ್ಲಿ ಹೇಳಿದೆವು. ಮೆಹರುನ್ ಎಂಬ ಹೆಣ್ಣುಮಗಳು. ಗಂಡ ಇನ್ನೊಬ್ಬಳ ಬೆನ್ನು ಹತ್ತಿದ್ದಾನೆ. ಕೈಗೂಸನ್ನು ಎತ್ತಿಕೊಂಡು ತವರಿಗೆ ಬಂದರೆ, ತವರಿನವರು ಮನೆತನದ ಮಾನದ ಮಾತಾಡಿ ಅವಳನ್ನು ಮರಳಿ ಗಂಡನ ಮನೆಗೇ ತಂದುಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ, ಹಿರಿಯ ಮಗಳು ಕೂಸಿನೊಡನೆ ಓಡಿಬಂದು ತಾಯಿಯ ಕಾಲು ಹಿಡಿದು ಬೇಡಿಕೊಳ್ಳುತ್ತಾಳೆ. ಆ ಮಗಳ ದನಿಗೆ ತಾಯಿ ತಡೆದು ನಿಲ್ಲುತ್ತಾಳೆ. ಇಷ್ಟೇ ಕತೆ. ಹೇಳಿ ಮುಗಿಸಿದಾಗ ಚಹ ಆರಿತ್ತು. ನಮ್ಮ ಕಚೇರಿಯಲ್ಲಿ ಚಹ ಆರುವುದು ಸಾಮಾನ್ಯದ ಸಂಗತಿಯಲ್ಲ.

ಈ ಪುಸ್ತಕ ಹೊರನಾಡಿನ ನಮ್ಮ ಮನೆಗಳಿಗೂ ಬಂತು. ಬಂದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಓದಿದವರು ಹೆಚ್ಚಾಗಿ ಮಕ್ಕಳು. ಇದಕ್ಕೆ ಕೆಲವು ಹಿರಿಯರು ಮುಖ ಸಿಂಡರಿಸಿದ್ದುಂಟು. ನಾವು ಸಿಂಡರಿಸುವುದಿಲ್ಲ. ಏಕೆಂದರೆ ದೀಪಾ ಭಾಸ್ತಿಯವರು ಒಂದು ಜಾಣತನ ಮಾಡಿದ್ದಾರೆ. ಕನ್ನಡದ, ಉರ್ದುವಿನ, ಅರಬ್ಬಿಯ ಹಲವು ಶಬ್ದಗಳನ್ನು ಇಂಗ್ಲಿಷಿನ ನಡುವೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಓರೆ ಅಕ್ಷರದಲ್ಲಿ ಅಚ್ಚುಹಾಕಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಇಂಗ್ಲಿಷಿನವನು ಬೇಕಾದರೆ ತಡವರಿಸಲಿ. ನಮ್ಮ ಮನೆಯ ಮಗು ಅಂಥ ಶಬ್ದದ ಹತ್ತಿರ ತಡವರಿಸಿದರೆ ಪುಸ್ತಕ ಹಿಡಿದುಕೊಂಡು ಅಡಿಗೆಮನೆಗೆ ಬಂದು, “ಅಮ್ಮಾ, ಇದರ ಅರ್ಥ ಏನು?” ಎಂದು ಕೇಳಬೇಕಾಗುತ್ತದೆ. ಅಮ್ಮ ಉತ್ತರ ಕೊಡುವಂತಿದ್ದರೆ, ಆ ಇಂಗ್ಲಿಷ್ ಪುಸ್ತಕ ಕನ್ನಡದ ಕೆಲಸವನ್ನೇ ಮಾಡಿದಂತಾಯಿತು.

ಇನ್ನು ಬಲಗಡೆಯ ಪಟ್ಟಿ. ಮೇ 30ರಂದು ಎಚ್. ಎಸ್. ವೆಂಕಟೇಶಮೂರ್ತಿಯವರು ತೀರಿಕೊಂಡರು. ಅವರ ಕವನ ಓದಿಲ್ಲದವರೂ ಅವರ ಭಾವಗೀತೆಗಳನ್ನು ಗುನುಗುತ್ತಾರೆ. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಅಂಥ ಗೀತೆಯೊಂದಿಲ್ಲದೆ ಪರದೆ ಬೀಳುವುದು ಅಪರೂಪ. ಜುಲೈ 14ರಂದು ಬಿ. ಸರೋಜಾದೇವಿಯವರು ಹೋದರು. 1955ರ ‘ಮಹಾಕವಿ ಕಾಳಿದಾಸ’ದಿಂದ ಹೊರಟು ತಮಿಳು, ತೆಲುಗು, ಹಿಂದಿ ಚಿತ್ರಗಳನ್ನೆಲ್ಲ ಸುತ್ತಿಬಂದವರು. ತಮಿಳರು ಪ್ರೀತಿಯಿಂದ ಅವರಿಗೆ ಕೊಟ್ಟ ಬಿರುದಿನ ಅರ್ಥ ‘ಕನ್ನಡದ ಗಿಳಿ’. ಪರನಾಡಿನಲ್ಲಿ ದುಡಿದರೂ ಬಿರುದಿನಲ್ಲೇ ತವರನ್ನು ಹೊತ್ತು ತಿರುಗಿದ ಭಾಗ್ಯ ಅವರದು. ಸಪ್ಟಂಬರ್ 24ರಂದು ಎಸ್. ಎಲ್. ಭೈರಪ್ಪನವರು 94ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಭೈರಪ್ಪನವರ ಅಭಿಪ್ರಾಯಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮ ವಾಚಕರಲ್ಲಿದ್ದಾರೆ; ಆ ವ್ಯಾಜ್ಯಕ್ಕೆ ನಾವು ಹೋಗುವುದಿಲ್ಲ. ಅವರೂ ಒಂದು ಕಾಲದಲ್ಲಿ ನಮ್ಮ ಹಾಗೆ ಹೊರನಾಡಿಗರೇ ಆಗಿದ್ದರೆಂಬುದನ್ನು ಮಾತ್ರ ನೆನೆಯುತ್ತೇವೆ. ಕೆಲವು ಕಾಲ ಗುಜರಾತಿನಲ್ಲಿ, ಕೆಲವು ಕಾಲ ದಿಲ್ಲಿಯಲ್ಲಿ ನೌಕರಿ ಮಾಡಿದವರು ಅವರು. ಸುತ್ತಮುತ್ತ ಬೇರೆ ಭಾಷೆ ಕೇಳಿಬರುತ್ತಿದ್ದಾಗಲೂ ಕಾದಂಬರಿ ಬರೆದದ್ದು ಕನ್ನಡದಲ್ಲಿ. ಆ ಕಾದಂಬರಿಗಳು ಮರಾಠಿಗರ ಮನೆಮನೆಗೆ ಹೋದುವು. ನಮ್ಮ ಕಚೇರಿಯ ಮಿತ್ರರಲ್ಲಿ ಹಲವರು ‘ವಂಶವೃಕ್ಷ’ವನ್ನೂ ‘ಪರ್ವ’ವನ್ನೂ ನಮ್ಮೊಡನೆ ಚರ್ಚಿಸುವಾಗ, ಅವು ಮರಾಠಿಯವೇ ಎಂಬ ಸಲಿಗೆಯಿಂದ ಮಾತಾಡುತ್ತಾರೆ.

ಇದರ ಹಿಂದೆ ಪುಣೆಯ ಒಂದು ಮನೆಯ ಕತೆಯಿದೆ. ಭೈರಪ್ಪನವರ ಹಲವಾರು ಕಾದಂಬರಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರಿಗೆ ‘ವಂಶವೃಕ್ಷ’ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನ ಬಂದಿದೆ. ಇವರು ಬೆಳಗಾವಿಯ ಮಗಳು. ಕನ್ನಡ ಕೇಳಿದರೆ ಚೆನ್ನಾಗಿ ತಿಳಿಯುತ್ತದೆ, ಆದರೆ ಓದಿನ ಭಾಷೆ ಮರಾಠಿ. ಅದಕ್ಕೆ ಮನೆಯಲ್ಲೇ ಒಂದು ಉಪಾಯ ಹುಟ್ಟಿತು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಇವರು ಅದನ್ನು ಕೇಳಿ ಮರಾಠಿಯಲ್ಲಿ ಬರೆಯುವುದು. ಒಬ್ಬರ ಕಣ್ಣು, ಇನ್ನೊಬ್ಬರ ಕಿವಿ. ಹೀಗೆ ಸಾವಿರಾರು ಪುಟಗಳು ಗಡಿ ದಾಟಿದುವು.

ನಮ್ಮ ಬಿಡಾರಗಳ ಸ್ಥಿತಿ ಇದಕ್ಕಿಂತ ಬೇರೆಯೇನು? ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಅಜ್ಜಿಯ ಬೈಗಳನ್ನು ಅರ್ಥಮಾಡಿಕೊಳ್ಳುತ್ತಾರೆ. ಸಮಯ ಬಂದರೆ ತಿರುಗಿ ಬೈಯಲೂ ಬಲ್ಲರು. ಅಕ್ಷರ ಮಾತ್ರ ಬಾರದು. ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪರಿಚಯದ ಹಿರಿಯರೊಬ್ಬರು ಹೋದ ಮೇಲೆ ಅವರ ಕಪಾಟು ಖಾಲಿಮಾಡುವ ದಿನ ಬಂತು. ನಲವತ್ತು ವರ್ಷ ಊರಿಗೆ ಹೋದಾಗಲೆಲ್ಲ ಹೋಲ್ಡಾಲಿನಲ್ಲಿ ಸುತ್ತಿ ತಂದ ಪುಸ್ತಕಗಳು. ಮಗ ಒಳ್ಳೆಯವನೇ, ತಂದೆಯ ಮೇಲೆ ಪ್ರೀತಿಯಿದ್ದವನೇ. “ಇಟ್ಟುಕೊಂಡು ಯಾರು ಓದುವವರು ಅಂಕಲ್?” ಎಂದ. ರದ್ದಿಯವನು ತಕ್ಕಡಿಯೊಡನೆ ಬಾಗಿಲಲ್ಲಿ ನಿಂತಿದ್ದ. ನಾವು ಹನ್ನೊಂದು ಪುಸ್ತಕ ಆರಿಸಿಕೊಂಡು ಬಂದೆವು. ಅದಕ್ಕಿಂತ ಹೆಚ್ಚಿಗೆ ನಮ್ಮ ಒಂದೂವರೆ ಕೋಣೆಯ ಮನೆ ಹಿಡಿಸುವುದಿಲ್ಲ. ಉಳಿದುವು ಕಿಲೋ ಲೆಕ್ಕದಲ್ಲಿ ಹೋದುವು. ಲಂಡನ್ನಿನಲ್ಲಿ ಬಂದ ಬಹುಮಾನವೂ ಆ ತಕ್ಕಡಿಯನ್ನು ತಡೆಯಲಾರದು.

ಸಿನಿಮಾದ ಮಾತೂ ಇದೇ ಖಾತೆಗೆ ಸೇರಿದ್ದು. 2022ರ ‘ಕಾಂತಾರ’ ಮೊದಲು ಕನ್ನಡದಲ್ಲಿ ಬಂದು, ಆಮೇಲೆ ಬೇರೆ ಭಾಷೆಗಳ ಮಾತು ಕೂಡಿಸಿಕೊಂಡು ದೇಶ ಸುತ್ತಿತು. ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. 2025ರ ಅಕ್ಟೋಬರ್ 2ರಂದು ಬಂದ ಅದರ ಹಿಂದಿನ ಕತೆ ‘ಕಾಂತಾರ: ಅಧ್ಯಾಯ 1’ ಮೊದಲ ದಿನದಿಂದಲೇ ಹಲವು ಭಾಷೆಗಳಲ್ಲಿ ತೆರೆಕಂಡಿತು. ನಮ್ಮ ಪೇಟೆಗಳಲ್ಲಿ ಹಿಂದಿಯ ಆಟ ಹತ್ತಿರದ ಚಿತ್ರಮಂದಿರದಲ್ಲಿ, ಅನುಕೂಲದ ಹೊತ್ತಿಗೆ. ಕನ್ನಡದ ಆಟ ಎರಡು ರೈಲು ಬದಲಿಸಿ ಹೋಗುವ ಕಡೆ, ಅದೂ ಬೆಳಿಗ್ಗೆ. ಎಷ್ಟೋ ಕುಟುಂಬಗಳು ಹಿಂದಿಯದನ್ನೇ ನೋಡಿಬಂದುವು. ತಪ್ಪೆನ್ನುವುದಿಲ್ಲ. ಆದರೆ ಕರಾವಳಿಯಿಂದ ಬಂದ ಅಜ್ಜಿಯನ್ನು ಕರೆದೊಯ್ದು, ಕರಾವಳಿಯ ಕತೆಯನ್ನು ಹಿಂದಿಯಲ್ಲಿ ಕೇಳಿಸುವುದೆಂದರೆ ಊರ ಹಬ್ಬದ ಊಟವನ್ನು ಅಂಚೆಯಲ್ಲಿ ತರಿಸಿಕೊಂಡಂತೆ. ಹೊಟ್ಟೆಗೇನೋ ಆಯಿತು, ಪಂಕ್ತಿ ಎಲ್ಲಿ?

“ಮಕ್ಕಳಿಗೆ ಶಾಲೆಯ ಭಾರವೇ ಸಾಕು, ಇನ್ನೊಂದು ಲಿಪಿಯೆ?” ಎಂದು ಕೇಳುವ ತಾಯಂದಿರಿದ್ದಾರೆ. ಅವರಿಗಾಗಿ ಬಾನು ಮುಷ್ತಾಕರದೇ ಬಾಲ್ಯದ ಒಂದು ಸಂಗತಿ ಹೇಳುತ್ತೇವೆ. ಅವರ ಮನೆಯ ಭಾಷೆ ಉರ್ದು. ಎಂಟು ವರ್ಷದವರಿದ್ದಾಗ ತಂದೆ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಲು ಕರೆದೊಯ್ದರು. ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಹಿಂದೆ ಇದೇ ಮುಂಬಯಿಯಲ್ಲಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ರಾತ್ರಿಶಾಲೆಯಲ್ಲಿ ಕುಳಿತು ಕನ್ನಡದಲ್ಲಿ ಪರೀಕ್ಷೆಗೆ ಓದಿದರು. ಮನೆಮಾತೇ ಕನ್ನಡವಾಗಿರುವ ನಮ್ಮ ಮಕ್ಕಳಿಗೆ ಇದು ಹೊರಲಾರದ ಹೊರೆಯೆಂದರೆ ನಂಬುವುದು ಕಷ್ಟ.

ಆದರೂ ಅಕ್ಷರದಿಂದಲೇ ಆರಂಭಿಸಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಕಿವಿಯಿಂದ ಆರಂಭಿಸೋಣ. ಪುಣೆಯ ಆ ಮನೆಯ ಉಪಾಯವನ್ನೇ ಎರವಲು ತರೋಣ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ, ನಿದ್ದೆಗೆ ಮುಂಚೆ, ಅರ್ಧ ಗಂಟೆ. ಒಂದು ಸಣ್ಣಕತೆ. ಮನೆಯಲ್ಲಿ ಕನ್ನಡ ಓದಬಲ್ಲವರು ಗಟ್ಟಿಯಾಗಿ ಓದಲಿ. ಮಗು ಬೇಕಾದರೆ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡೇ ಕೇಳಲಿ. “ಇಲ್ಲಿ ಬೇರೆ ತರಹ ಇದೆಯಲ್ಲ!” ಎಂದು ತಡೆದರೆ ಇನ್ನೂ ಒಳ್ಳೆಯದು. ತಡೆದ ಕಡೆ ಬೆರಳಿಟ್ಟು, “ನೋಡು, ಇದೇ ಆ ಶಬ್ದ” ಎಂದು ತೋರಿಸಿರಿ. ‘ಎದೆಯ ಹಣತೆ’ ಎಂಬ ಹೆಸರಿನಲ್ಲೇ ಆರು ಅಕ್ಷರಗಳಿವೆ. ಒಂದು ಭಾನುವಾರಕ್ಕೆ ಅಷ್ಟು ಸಾಕು. ಕತೆ ಹಗುರವಾದದ್ದಿರಲೆಂದರೆ ಮಾಸ್ತಿಯವರಿದ್ದಾರೆ, ಗೊರೂರರಿದ್ದಾರೆ. ಸಂಘದ ಕಪಾಟಿನ ಬೀಗದಕೈಗೆ ತುಕ್ಕು ಹಿಡಿಯದಂತೆ ನೋಡಿಕೊಂಡ ಪುಣ್ಯವೂ ನಿಮ್ಮದಾಗುತ್ತದೆ.

ಆದ್ದರಿಂದ ಈ ಸಲದ ಅಂಕಣವನ್ನು ಒಂದು ಜಾಹೀರಾತಾಗಿಯೇ ತಿಳಿಯಬೇಕೆಂದು ವಾಚಕರಲ್ಲಿ ವಿನಂತಿ. ಓದಿ ಹೇಳುವವರು ಬೇಕಾಗಿದ್ದಾರೆ. ಪ್ರತಿ ಮನೆಗೆ ಒಬ್ಬರು. ವಯಸ್ಸಿನ ಮಿತಿಯಿಲ್ಲ, ನಿವೃತ್ತರಿಗೆ, ಅಜ್ಜ-ಅಜ್ಜಿಯರಿಗೆ ಆದ್ಯತೆ. ದನಿ ಇಂಪಾಗಿರಬೇಕೆಂದಿಲ್ಲ. ಕನ್ನಡಕ ಸ್ವಂತದ್ದಿರಬೇಕು. ಸಂಬಳವಿಲ್ಲ, ಭತ್ತೆಯಿಲ್ಲ, ವರ್ಗಾವಣೆಯ ಭಯವೂ ಇಲ್ಲ. ಅರ್ಜಿಯನ್ನು ಸಂಘಕ್ಕೆ ಕಳಿಸಬೇಕಾದದ್ದಿಲ್ಲ. ಬರುವ ಭಾನುವಾರ ಊಟವಾದ ಮೇಲೆ ನಿಮ್ಮ ಮನೆಯಲ್ಲೇ ಕೆಲಸಕ್ಕೆ ಹಾಜರಾದರೆ ಸಾಕು.