ಮೊದಲ ಪಾಲು

ದೀಪಾವಳಿ ಕಳೆದು, ಆಕಾಶ ತಿಳಿಯಾಗಿ, ಬಿಸಿಲು ಬಲಿಯತೊಡಗಿದೊಡನೆಯೇ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಗಳಲ್ಲಿ ಕೊನೆಕೊಯ್ಲು ಆರಂಭವಾಗುತ್ತದೆ. ಹಗಲೆಲ್ಲ ಕೊನೆ ಇಳಿಸುವುದು, ಇರುಳೆಲ್ಲ ಅಡಿಕೆ ಸುಲಿಯುವುದು, ಬೆಳಗಾದರೆ ಅಂಗಳದಲ್ಲಿ ಹರವುವುದು, ಹೀಗೆ ತೋಟದ ಒಡೆಯನಿಗೂ ಕೂಲಿಯಾಳಿಗೂ ಸಮಾನವಾಗಿ ಬಿಡುವಿಲ್ಲದ ವಾರಗಳವು. ಕ್ರೈಸ್ತ ಪಂಚಾಂಗದಲ್ಲಿಯಾದರೋ ಇವೇ ವಾರಗಳಿಗೆ ಆಗಮನ ಕಾಲವೆಂದು ಹೆಸರು. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಈ ಕಾಲವನ್ನು ಧರ್ಮಸಭೆಯು ಪ್ರಾರ್ಥನೆಗೂ ಆತ್ಮಶೋಧನೆಗೂ ಮೀಸಲಿರಿಸಿದೆ. ದುಡಿಮೆ ಮನುಷ್ಯನನ್ನು ಅತ್ಯಂತ ಬಲವಾಗಿ ಸೆಳೆಯುವ ಋತುವಿನಲ್ಲಿಯೇ ದೇವರೂ ತನ್ನ ಪಾಲನ್ನು ಕೇಳುತ್ತಿರುವುದರಿಂದ, ಸುಗ್ಗಿ ಮುಗಿಯಲಿ, ಆಮೇಲೆ ದೇವರ ಕಡೆ ತಿರುಗೋಣ ಎಂಬ ಮಾತು ಘಟ್ಟದ ಮೇಲಿನ ಕ್ರೈಸ್ತ ಮನೆಗಳಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಆ ಮಾತನ್ನಾಡುವವರು ನಾಸ್ತಿಕರಲ್ಲ, ಅಶ್ರದ್ಧರೂ ಅಲ್ಲ. ಆದರೂ ಆ ಮಾತು ಪರೀಕ್ಷೆಗೆ ಒಳಪಡತಕ್ಕದ್ದಾಗಿದೆ.

ಮೊದಲು ದೇವರ ರಾಜ್ಯವನ್ನರಸಬೇಕೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದುದು ಬಿಡುವುಳ್ಳ ಶ್ರೀಮಂತರಿಗಲ್ಲ. ನಾಳೆಯ ಅನ್ನಕ್ಕೇನು, ಉಡಲಿಕ್ಕೇನು ಎಂದು ಕಳವಳಗೊಂಡಿದ್ದ ಜನಸಮೂಹಕ್ಕೆ. ಅವರ ಕಳವಳವನ್ನು ಆತನು ಬಲ್ಲವನಾಗಿದ್ದನು. ಅನ್ನವಸ್ತ್ರಗಳ ಅಗತ್ಯವನ್ನು ಅಲ್ಲಗಳೆಯದೆ, ಅವುಗಳ ಚಿಂತೆಗೆ ಮನಸ್ಸಿನ ಪ್ರಥಮಸ್ಥಾನವನ್ನು ಒಪ್ಪಿಸಕೂಡದೆಂದು ಮಾತ್ರ ಆತನು ಹೇಳಿದನು. ಹಾಗಾದರೆ ಸಂಸಾರಿಯಾದವನು, ಸಾಲಸೋಲಗಳುಳ್ಳವನು, ಮಕ್ಕಳ ಓದಿನ ವೆಚ್ಚ ಹೊತ್ತವನು ಈ ಪ್ರಥಮಸ್ಥಾನವನ್ನು ದೇವರಿಗೆ ಕೊಡುವ ಬಗೆ ಯಾವುದು?

ಇದಕ್ಕೆ ಉತ್ತರವೊಂದು ನಮ್ಮ ನೆಲದಲ್ಲಿಯೇ ಇದೆ. ಕೆನರಾದ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮರಿಯ ಮಾತೆಯ ಜನ್ಮದಿನದಲ್ಲಿ, ತೆನೆ ಹಬ್ಬವನ್ನಾಚರಿಸುತ್ತಾರೆ. ಹೊಸ ತೆನೆಯನ್ನು ದೇವಾಲಯದಲ್ಲಿ ಮಂತ್ರಿಸಿ, ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಮಂದಿಯೆಲ್ಲ ಪ್ರಸಾದದಂತೆ ಸ್ವೀಕರಿಸುತ್ತಾರೆ. ಗಮನಿಸಬೇಕಾದುದೆಂದರೆ, ಆ ಹೊತ್ತಿಗೆ ಗದ್ದೆಯ ಪೈರು ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ಕಣದಲ್ಲಿ ಭತ್ತವನ್ನಳೆದು, ಮನೆಗಿಷ್ಟು, ಮಾರಾಟಕ್ಕಿಷ್ಟು ಎಂದು ಬೇರ್ಪಡಿಸಿ, ಉಳಿದುದನ್ನು ದೇವರಿಗೆ ಕೊಡುವ ಲೆಕ್ಕಾಚಾರಕ್ಕೆ ಅಲ್ಲಿ ಅವಕಾಶವೇ ಇಲ್ಲ. ಬೆಳೆ ಕೈಗೆ ಹತ್ತುವುದೋ ಮಳೆಗೆ ಮಲಗುವುದೋ ತಿಳಿಯುವ ಮುನ್ನವೇ ಮೊದಲ ಪಾಲು ಸಲ್ಲಿಕೆಯಾಗುತ್ತದೆ. ದೇವರಿಗೆ ಆದ್ಯತೆಯೆಂಬುದರ ಸಾರವೆಲ್ಲ ಈ ಆಚರಣೆಯಲ್ಲಿ ಅಡಗಿದೆ. ಕೊಟ್ಟ ಪಾಲು ಎಷ್ಟು ದೊಡ್ಡದೆಂಬುದಕ್ಕಿಂತ ಅದು ಯಾವಾಗ ಕೊಟ್ಟದ್ದೆಂಬುದು ಮುಖ್ಯ. ಮಿಕ್ಕುದನ್ನು ಕೊಡುವವನಿಗೆ ವಿಶ್ವಾಸದ ಅಗತ್ಯವಿಲ್ಲ, ಮೊದಲದನ್ನು ಕೊಡುವವನಿಗೆ ಉಂಟು.

ವರ್ಷಕ್ಕೊಮ್ಮೆ ತೆನೆ ಹೇಗೋ, ದಿನಕ್ಕೊಮ್ಮೆ ಆಮೊರಿಯೂ ಹಾಗೆಯೇ. ಸಂಜೆ ದೇವಾಲಯದ ಗಂಟೆ ಬಾರಿಸಿದಾಗ ಕೈಯ ಕೆಲಸವನ್ನು ನಿಲ್ಲಿಸಿ ಪ್ರಾರ್ಥಿಸುವುದು, ಬಳಿಕ ಮನೆಮಂದಿಯೆಲ್ಲ ಬಲಿಪೀಠದ ಮುಂದೆ ಮೊಣಕಾಲೂರಿ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆ ಹೇಳುವುದು, ಅದು ಮುಗಿದೊಡನೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು: ಈ ಕ್ರಮವು ಎಷ್ಟೋ ತಲೆಮಾರುಗಳ ಮನೆತನಗಳನ್ನು ಹಿಡಿದು ನಿಲ್ಲಿಸಿದೆ. ಇಂದು ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಮನೆಯಲ್ಲುಳಿದವರ ಸಂಜೆಯನ್ನು ಟಿವಿಯೂ ಮೊಬೈಲೂ ಹಂಚಿಕೊಂಡಿವೆ. ಮನಸ್ಸಿನಲ್ಲೇ ದೇವರನ್ನು ನೆನೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಮನಸ್ಸಿನ ಸ್ಮರಣೆ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೊತ್ತಾದ ಹೊತ್ತಿಲ್ಲದ ಸ್ಮರಣೆ ಬಹುಕಾಲ ಬಾಳುವುದು ವಿರಳ. ಅಡಿಕೆಗೆ ಕೊಳೆರೋಗ ತಗುಲದಂತೆ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಹೊಡೆಯದೆ, ಕಾಯಿ ಉದುರತೊಡಗಿದ ಮೇಲೆ ಪರದಾಡಿದರೆ ಫಲವೇನೆಂಬುದನ್ನು ಈ ಮೂರು ತಾಲೂಕುಗಳವರಿಗೆ ಯಾರೂ ಕಲಿಸಬೇಕಾಗಿಲ್ಲ. ಪ್ರಾರ್ಥನೆಯೂ ಹಾಗೆಯೇ ಕಷ್ಟ ಬಂದ ಮೇಲಿನ ಉಪಾಯವಾಗದೆ, ಕಷ್ಟಕ್ಕೆ ಮುಂಚಿನ ನಿಯಮವಾಗಿರಬೇಕು.

ಆದರೆ ನಿಯಮವೊಂದರಿಂದಲೇ ದೇವರಿಗೆ ಪ್ರಥಮಸ್ಥಾನ ದೊರೆತಂತಾಯಿತೆಂದು ಭಾವಿಸುವವರಿಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ಬಾಳುತ್ತಿರುವ ಸಿದ್ದಿಗಳ ಚರಿತ್ರೆಯು ಗಂಭೀರವಾದ ಎಚ್ಚರಿಕೆಯನ್ನು ಕೊಡುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡದ ಮನ್ನಣೆ ಪಡೆದ ಈ ಸಮುದಾಯದಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಪೋರ್ತುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು ಇವರ ಪೂರ್ವಜರಲ್ಲಿದ್ದರೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಗುಲಾಮರನ್ನಿರಿಸಿಕೊಂಡಿದ್ದ ಆ ಒಡೆಯರು ದೇವಾಲಯಕ್ಕೆ ತಪ್ಪುತ್ತಿದ್ದವರಲ್ಲ. ಭಾನುವಾರದ ಪೂಜೆ, ಹಬ್ಬಹರಿದಿನಗಳ ಉಪವಾಸ, ಮೆರವಣಿಗೆ ಯಾವುದಕ್ಕೂ ಅವರ ಸಮಾಜದಲ್ಲಿ ಕೊರತೆಯಿರಲಿಲ್ಲ. ದೇವರ ಪ್ರತಿರೂಪವೆಂದು ತಮ್ಮ ಧರ್ಮವೇ ಸಾರುವ ಮನುಷ್ಯನನ್ನು ಬೆಲೆಕಟ್ಟಿ ಕೊಂಡವರು, ದೇವರಿಗೆ ತಮ್ಮ ಪಂಚಾಂಗದಲ್ಲಿ ಮೊದಲ ಸ್ಥಾನವನ್ನೂ ವ್ಯವಹಾರದಲ್ಲಿ ಕಡೆಯ ಸ್ಥಾನವನ್ನೂ ಕೊಟ್ಟಿದ್ದರು. ಆ ಒಡೆತನವನ್ನು ಧಿಕ್ಕರಿಸಿ ಕಾಡು ಸೇರಿದವರ ಸಂತತಿಯಲ್ಲಿ ಒಂದು ಭಾಗವು, ಒಡೆಯರಿಂದ ಬಂದ ಸಂಕೋಲೆಯನ್ನು ಕಳಚಿಯೂ, ಕ್ರಿಸ್ತನನ್ನು ತನ್ನವನೆಂದು ಉಳಿಸಿಕೊಂಡಿದೆ. ದೇವರನ್ನು ಯಾರು ನಿಜವಾಗಿ ಮುಂದಿರಿಸಿದರು, ಕೊಂಡವರೋ ಕೊಳ್ಳಲ್ಪಟ್ಟವರೋ, ಎಂದು ಕೇಳಿಕೊಂಡಾಗ ತಲೆ ತಾನಾಗಿ ಬಾಗುತ್ತದೆ.

ಅದೇ ಗೋವೆಯಲ್ಲಿ, ಅದೇ ಗುಲಾಮಗಿರಿಯ ಕಾಲದಲ್ಲಿ, 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಧರ್ಮಗುರು 1677ರಲ್ಲಿ ತಾನು ಮರಿಯ ಮಾತೆಯ ದಾಸನೆಂದು ಸ್ವಂತ ಕೈಯಿಂದ ಪತ್ರ ಬರೆದುಕೊಟ್ಟನು. ಇತರರನ್ನು ದಾಸರನ್ನಾಗಿಸಿಕೊಂಡಿದ್ದ ಸಮಾಜದಲ್ಲಿ ತನ್ನನ್ನೇ ದಾಸ್ಯಕ್ಕೊಪ್ಪಿಸಿದ ಈ ನಡೆ ಎಷ್ಟು ಅರ್ಥಪೂರ್ಣ! ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದ ಕೆನರಾ ಸೀಮೆಗೆ 1681ರಲ್ಲಿ ಬಂದ ಆತನು, ಧರ್ಮಸಭೆಯ ಎರಡು ಅಧಿಕಾರಗಳ ನಡುವೆ ಇಲ್ಲಿ ಕಲಹ ನಡೆದಿದ್ದಾಗ, ಪಕ್ಷಪ್ರತಿಪಕ್ಷಗಳಲ್ಲಿ ಕರಗಿಹೋಗದೆ, ಊರಿಂದೂರಿಗೆ ನಡೆದು ಜನರನ್ನು ಸಂತೈಸಿದನು. 1687ರಲ್ಲಿ ಸಿಂಹಳಕ್ಕೆ ಹೋಗಿ, 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಜನರು ರೋಗಿಗಳನ್ನು ತೊರೆದು ಓಡುತ್ತಿದ್ದರೆ, ಮತಭೇದವೆಣಿಸದೆ ಅವರ ಶುಶ್ರೂಷೆಗೆ ನಿಂತನು. 1711ರಲ್ಲಿ ಅಲ್ಲಿಯೇ ದೇಹವಿಟ್ಟನು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಆತನನ್ನು ಸಂತನೆಂದು ಘೋಷಿಸಿದರು. ಬರೆದುಕೊಟ್ಟ ಪತ್ರಕ್ಕೂ ಸಿಡುಬಿನ ರೋಗಿಯ ಆರೈಕೆಗೂ ನಡುವಣ ಸಂಬಂಧವೇ ಈ ಬಾಳಿನ ಬೋಧೆ. ದೇವರಿಗೆ ಮುಂಚಿತವಾಗಿ ಅರ್ಪಿತವಾದ ಮನಸ್ಸು, ನೆರೆಯವನು ಬಿದ್ದಿರುವಾಗ ಲಾಭನಷ್ಟಗಳನ್ನೆಣಿಸುತ್ತ ನಿಲ್ಲುವುದಿಲ್ಲ.

1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರೂಪುಗೊಂಡ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. ಆಮೊರಿಯ ಹೊತ್ತಿಗೆ ನೆರೆಮನೆಯಲ್ಲಿ ಸಂಧ್ಯಾವಂದನೆಯೋ ನಮಾಜೋ ನಡೆಯುತ್ತಿರುತ್ತದೆ. ಇಂಥ ನೆರೆಹೊರೆಯಲ್ಲಿ ನಮ್ಮ ಭಕ್ತಿಯನ್ನು ಲೋಕವು ಅಳೆಯುವುದು ನಾವು ದೇವಾಲಯದಲ್ಲಿ ಕಳೆದ ಗಂಟೆಗಳಿಂದಲ್ಲ. ತಕ್ಕಡಿಯಲ್ಲಿ, ಕೊಟ್ಟ ಮಾತಿನಲ್ಲಿ, ಆಳಿನೊಂದಿಗೆ ಆಡುವ ದನಿಯಲ್ಲಿ ಅದು ಕಾಣಬೇಕು. ದುಡಿದವನ ಕೂಲಿಯನ್ನು ಸೂರ್ಯಾಸ್ತದೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿದುದು ದೇವರ ಹೆಸರಿನಲ್ಲಿಯೇ ಎಂಬುದನ್ನು ಮರೆಯಲಾಗದು. ಆದಕಾರಣ, ಓದುಗರೇ, ಬಿಡುವಿನ ಕಾಲಕ್ಕಾಗಿ ಕಾಯದೆ ಇಂದಿನಿಂದಲೇ ಸಂಜೆಯ ಒಂದು ಹೊತ್ತನ್ನು ದೇವರಿಗೆಂದು ಗೊತ್ತುಮಾಡಿರಿ. ಆ ಹೊತ್ತು ಬರುವುದರೊಳಗೆ ಯಾರ ಋಣವೂ, ಯಾರ ಕೂಲಿಯೂ ನಿಮ್ಮ ಕೈಯಲ್ಲಿ ಅನ್ಯಾಯವಾಗಿ ಉಳಿಯದಂತೆ ನೋಡಿಕೊಳ್ಳಿರಿ. ಈ ಎರಡನ್ನೂ ತಪ್ಪದೆ ನಡೆಸುವ ಮನೆ ಎಷ್ಟೇ ಬಡತನದ್ದಾಗಿರಲಿ, ಎಷ್ಟೇ ದುಡಿಮೆಯದ್ದಾಗಿರಲಿ, ಅಲ್ಲಿ ದೇವರಿಗೆ ಮೊದಲ ಪಾಲು ಸಂದಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು.