ಹಳೆಯ ಕಾರಿನ ಮೋಹವೂ ಅದನ್ನು ಬದುಕಿಸಿದ ಕೈಗಳೂ

2018ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮಾಂಟೆರೆ ಎಂಬ ಊರಿನಲ್ಲಿ ಒಂದು ಹಳೆಯ ಮೋಟಾರು ಕಾರು ಲಿಲಾವಿಗೆ ಬಂತು. ಅದು 1962ರ ಫೆರಾರಿ, 250 ಜಿಟಿಓ ಎಂಬ ಜಾತಿಯದು. ಸವಾಲು ಏರುತ್ತ ಏರುತ್ತ, ಲಿಲಾವಿನವರ ಕಮಿಷನ್ನೂ ಸೇರಿ, 4 ಕೋಟಿ 84 ಲಕ್ಷ ಡಾಲರಿಗೆ ನಿಂತಿತು. ಅಂದಿನ ದರದಲ್ಲಿ ನಮ್ಮ ರೊಕ್ಕಕ್ಕೆ ಸುಮಾರು 340 ಕೋಟಿ ರೂಪಾಯಿ. 2022ರ ಮೇ 5ರಂದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1955ರ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ 13 ಕೋಟಿ 50 ಲಕ್ಷ ಯೂರೋಗೆ ಮಾರಾಟವಾಯಿತು. ಅದು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಅಂಥ ಕಾರು ಜಗತ್ತಿನಲ್ಲಿ ಇದ್ದದ್ದೇ ಎರಡು.

ಸೇಡಂನ ಸಿಮೆಂಟ್ ಕಾರ್ಮಿಕರಿಗೂ, ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವರಿಗೂ, ಚಿತ್ತಾಪುರ ಚಿಂಚೋಳಿಗಳ ಅಡತಿ ಅಂಗಡಿಯವರಿಗೂ ಈ ಸುದ್ದಿಯಿಂದ ಆಗಬೇಕಾದ್ದೇನು ಎಂದು ಕೇಳುವವರು ಉಂಟು. ಧನಿಕರ ಹುಚ್ಚು, ಅದು ನಮಗೇಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ. ನಾವು ಹಾಗೆ ತಳ್ಳುವವರಲ್ಲ. ಈ ಸುದ್ದಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಒಂದು, ಯಂತ್ರದ ಮೇಲಿನ ಪ್ರೀತಿ. ಇನ್ನೊಂದು, ಆ ಯಂತ್ರಕ್ಕೆ ಬಂದಿರುವ ಬೆಲೆ. ಗಂಟು ಬಿಚ್ಚಿ ಎರಡನ್ನೂ ಬೇರೆಯಾಗಿ ನೋಡಿದರೆ, ಮೊದಲನೆಯದರಲ್ಲಿ ನಮಗೂ ಪಾಲಿದೆ ಎಂಬುದು ಕಾಣುತ್ತದೆ.

ಮೊದಲು ಪ್ರೀತಿಯ ಮಾತು. ಈ ಫೆರಾರಿಯಲ್ಲಿ ಕಾರಿನ ಮೋಹಿಗಳು ಕಂಡದ್ದೇನು? ಮೂರು ಲೀಟರಿನ, ಹನ್ನೆರಡು ಸಿಲಿಂಡರಿನ, ಸುಮಾರು 300 ಕುದುರೆಶಕ್ತಿಯ ಇಂಜಿನು. ಅದರ ನಾದವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲವಂತೆ. ಸ್ಟೀರಿಂಗಿಗೆ ಆಗಲಿ ಬ್ರೇಕಿಗೆ ಆಗಲಿ ಕಂಪ್ಯೂಟರಿನ ನೆರವಿಲ್ಲ. ರಸ್ತೆಯ ಪ್ರತಿಯೊಂದು ತಗ್ಗುದಿಣ್ಣೆಯೂ ನಡೆಸುವವನ ಅಂಗೈಗೇ ಬಂದು ಮುಟ್ಟುತ್ತದೆ. ತಪ್ಪಿದರೆ ಕಾಪಾಡುವವರಿಲ್ಲ, ಸರಿಯಾಗಿ ನಡೆಸಿದರೆ ಆ ಕೀರ್ತಿ ಪೂರ್ತಿ ಅವನದೇ. 1962ರಿಂದ 1964ರ ವರೆಗೆ ಮೂರು ವರ್ಷವೂ ಜಿಟಿ ವರ್ಗದ ಜಾಗತಿಕ ಪಂದ್ಯಾವಳಿಯನ್ನು ಗೆದ್ದ ಕಾರು ಇದು. ಹಳೆಯ ಲೇಲ್ಯಾಂಡ್ ಲಾರಿಯನ್ನು ಗೇರಿನ ಸದ್ದಿನಿಂದಲೇ ಅರಿತು ನಡೆಸಿದ ನಮ್ಮ ಡ್ರೈವರುಗಳಿಗೆ, ಬಾಯ್ಲರಿನ ಗುಡುಗಿನಲ್ಲಿ ಸಣ್ಣ ಅಪಸ್ವರವನ್ನೂ ಹಿಡಿಯುವ ಫಿಟ್ಟರುಗಳಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅದರ ಮೈಯನ್ನು ನೋಡಿರಿ. ಇಟಲಿಯ ಮೊಡೆನಾ ಊರಿನ ಸೆರ್ಜಿಯೋ ಸ್ಕಾಲಿಯೆಟ್ಟಿ ಎಂಬವನ ಕಾರ್ಖಾನೆಯಲ್ಲಿ ಅಲ್ಯುಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಎಬ್ಬಿಸಿದ ಮೈ ಅದು. ನಕ್ಷೆಗಿಂತ ಕಣ್ಣಳತೆಯೇ ಅಲ್ಲಿ ಹೆಚ್ಚು. ಆದ್ದರಿಂದ ಒಂದು ಕಾರಿನಂತೆ ಇನ್ನೊಂದಿಲ್ಲ. ಬಾಗಿಲ ಅಂಚಿನಲ್ಲೋ ಮೂತಿಯ ಬಾಗಿನಲ್ಲೋ ಕೂದಲೆಳೆಯ ಭೇದ ಇದ್ದೇ ಇದೆ. ಈ ಸ್ಕಾಲಿಯೆಟ್ಟಿ ದೊಡ್ಡ ಮನೆಯ ಮಗನಲ್ಲ. ತಂದೆ ತೀರಿಕೊಂಡಾಗ ಹದಿಮೂರರ ಹುಡುಗನಾಗಿ ಕಾರಿನ ಮೈ ಕಟ್ಟುವ ಕೆಲಸಕ್ಕೆ ಸೇರಿದವನು. ಇಂಜಿನಿಯರ್ ಬಿಝಾರಿನಿ ಆರಂಭಿಸಿದ ಈ ಕಾರಿನ ಕೆಲಸ, 1961ರ ಕೊನೆಯಲ್ಲಿ ಕಂಪನಿಯ ಒಳಜಗಳದಿಂದ ಅವನೂ ಇತರ ಹಿರಿಯರೂ ಹೊರಬಿದ್ದಾಗ ನಡುವೆ ನಿಂತಿತು. ಅದನ್ನು ಪೂರೈಸಿದವನು ಇಪ್ಪತ್ತಾರರ ತರುಣ ಮೌರೋ ಫೋರ್ಗಿಯೇರಿ. ಕಾರಿನ ಮೂತಿಯ ಮೇಲೆ ಮಾಲೀಕನ ಹೆಸರಿದೆ. ಆ ಮೂತಿಯನ್ನು ಬಡಿದು ತಿದ್ದಿದ ತಗಡುಗೆಲಸದವರ ಹೆಸರು ಎಲ್ಲಿದೆ? ಮೋಹಿಗಳು ಕೈಯಿಂದ ಸವರಿ ಮೆಚ್ಚುವುದು ಮಾತ್ರ ಈ ಹೆಸರಿಲ್ಲದವರ ಸುತ್ತಿಗೆಯ ಏಟನ್ನೇ. ಹಳೆಯ ಕಾರಿನ ಮೋಹವೆಂದರೆ, ಅರಿತೋ ಅರಿಯದೆಯೋ, ದುಡಿಮೆಗೆ ಸಲ್ಲಿಸುವ ಮರ್ಯಾದೆ. ಅದನ್ನು ನಾವು ಹಳಿಯುವುದು ಹೇಗೆ?

ಇನ್ನು ಬೆಲೆಯ ಮಾತಿಗೆ ಬರೋಣ. ಆ ವರ್ಗದ ಪಂದ್ಯಕ್ಕೆ ಇಳಿಯಬೇಕಾದರೆ ಒಂದು ಮಾದರಿಯ ನೂರು ಕಾರುಗಳಾದರೂ ತಯಾರಾಗಬೇಕೆಂದು ನಿಯಮವಿತ್ತು. ಫೆರಾರಿ ಕಂಪನಿ ಇದು ಹೊಸ ಮಾದರಿಯೇ ಅಲ್ಲ, ಹಳೆಯದರ ಮೈ ಬದಲಾಯಿಸಿದ ರೂಪ ಎಂದು ತೋರಿಸಿ ಮಾನ್ಯತೆ ಪಡೆಯಿತು. ತಯಾರಿಸಿದ್ದು ಮೂವತ್ತಾರು ಮಾತ್ರ. ಹೊಸದರಲ್ಲಿ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರು. ಎರಡು ಮೂರು ವರ್ಷಗಳಲ್ಲಿ ಇದಕ್ಕಿಂತ ವೇಗದ ಕಾರುಗಳು ಬಂದವು, ಇದು ಮೂಲೆ ಸೇರಿತು. ಟೆಕ್ಸಾಸ್ ರಾಜ್ಯದ ವಿಕ್ಟೋರಿಯಾ ಎಂಬ ಊರಿನ ಒಂದು ಹೈಸ್ಕೂಲಿಗೆ ಈ ಮೂವತ್ತಾರರಲ್ಲಿ ಒಂದನ್ನು ದಾನವಾಗಿ ಕೊಟ್ಟಿದ್ದರು. ಮೋಟಾರು ದುರಸ್ತಿ ಕಲಿಯುವ ಹುಡುಗರು ಅದರ ಮೇಲೆ ಕೈ ಪಳಗಿಸಿಕೊಂಡರು. 1972ರಲ್ಲಿ ಶಾಲೆ ಅದನ್ನು ಮಾರಿದಾಗ ಬಂದದ್ದು 6,500 ಡಾಲರು.

ಹುಡುಗರು ನಟ್ಟು ಬಿಚ್ಚಿ ಕಲಿತ ಕಾರು, ನೂರಾರು ಕೋಟಿ ಬಾಳುವ ಕಾರು, ಎರಡೂ ಒಂದೇ. ಈ ನಡುವೆ ಇಂಜಿನಿಗೆ ಒಂದು ಸಿಲಿಂಡರೂ ಹೆಚ್ಚಾಗಿಲ್ಲ, ವೇಗ ಒಂದು ಮೈಲಿಯೂ ಏರಿಲ್ಲ. ಏರಿದ್ದು ಹಣವುಳ್ಳವರ ಪೈಪೋಟಿ. ಇದರ ಮರ್ಮ ನಮ್ಮ ವ್ಯಾಪಾರಿ ಬಂಧುಗಳಿಗೆ ಚೆನ್ನಾಗಿ ಗೊತ್ತು. ಮಾರುಕಟ್ಟೆಗೆ ತೊಗರಿ ಬರುವುದು ಕಡಿಮೆಯಾದರೆ ಭಾವ ಏರುತ್ತದೆ. ಆದರೆ ತೊಗರಿಯನ್ನು ಮರುವರ್ಷ ಬಿತ್ತಬಹುದು, ದಾಸ್ತಾನಿಗೆ ಸರಕಾರ ಮಿತಿ ಹಾಕಬಹುದು. 1962ರ ಕಾರನ್ನು ಬಿತ್ತುವ ಹೊಲವಿಲ್ಲ. ಚಾಸಿಯ ನಂಬರು, ಇಂಜಿನಿನ ನಂಬರು ಎರಡೂ ಕಾರ್ಖಾನೆಯ ಹಳೆಯ ದಫ್ತರಕ್ಕೆ ಹೊಂದಿದರೆ ಬೆಲೆ ಇನ್ನೂ ಏರುತ್ತದೆ. ಹೀಗೆ ಕಾರು ಕಾರಾಗಿ ಉಳಿಯದೆ ಬಂಗಾರದ ಗಟ್ಟಿಯಾಗುತ್ತದೆ; ಗೀರು ಬಿದ್ದೀತೆಂಬ ಭಯದಿಂದ ಬೀಗ ಹಾಕಿದ ಕೋಣೆ ಸೇರುತ್ತದೆ. ಓಡಲೆಂದೇ ಹುಟ್ಟಿದ್ದನ್ನು ಓಡದಂತೆ ಕಟ್ಟಿಹಾಕುವುದು ಪ್ರೀತಿಯೇ? ನಾವು ಅದನ್ನು ದಾಸ್ತಾನು ಎನ್ನುತ್ತೇವೆ.

ಓಡದೆ ನಿಂತ ಕಾರಿನ ಕಥೆ ದೂರದ ದೇಶದ್ದೆಂದು ತಿಳಿಯಬೇಡಿರಿ. 1948ರ ವರೆಗೆ ನಮ್ಮ ಈ ಸೀಮೆಯನ್ನು ಆಳಿದ ನಿಜಾಮರ ಮನೆಯಲ್ಲೇ ಅದಕ್ಕೆ ತಕ್ಕ ಉದಾಹರಣೆಯಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಇಂಗ್ಲೆಂಡಿಗೆ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿಗೆ ಆರ್ಡರು ಕೊಟ್ಟಿದ್ದರು. ಲಂಡನ್ನಿನ ಬಾರ್ಕರ್ ಕಂಪನಿ ಅದಕ್ಕೆ ಹಳದಿ ಬಣ್ಣದ ಮೈ ಕಟ್ಟಿ, ಹಿಂದೆ ಸಿಂಹಾಸನದಂಥ ಪೀಠ ಕೂರಿಸಿತು. 1911ರಲ್ಲಿ ಅವರು ತೀರಿಕೊಂಡರು. 1912ರ ಈ ಕಾರು ಮಗ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ದರಬಾರು ಮೆರವಣಿಗೆಗೆ ಮಾತ್ರ ಹೊರಬರುತ್ತಿದ್ದ ಅದು 1947ರ ವರೆಗೆ ಓಡಿದ್ದು ಸುಮಾರು 350 ಮೈಲಿ ಎಂದು ಹೇಳುತ್ತಾರೆ. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದಿಗೆ ಎರಡು ಸಲ ಹೋಗಿ ಬಂದಷ್ಟೂ ಆಗಲಿಲ್ಲ! 1874ರಲ್ಲಿ ತೆರೆದ ಅದೇ ರೈಲು ದಾರಿಯಲ್ಲಿ ನಮ್ಮ ಜನ ಮೂರನೆಯ ದರ್ಜೆಯ ಡಬ್ಬಿಯಲ್ಲಿ ನಿಂತುಕೊಂಡು, ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಓಡಾಡಿದ್ದಾರೆ. ಆ ವೈಭವಕ್ಕೆ ಕಂದಾಯ ಕಟ್ಟಿದವರಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರೂ ಇದ್ದರು.

ಆದರೂ ಒಂದು ಮಾತು ಹೇಳಲೇಬೇಕು. ಬಹುಕಾಲ ಮೂಲೆಗೆ ಬಿದ್ದಿದ್ದ ಆ ಕಾರನ್ನು ದುರಸ್ತಿ ಮಾಡಿಸಿ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಜನ ನೋಡುವಂತೆ ಇಟ್ಟಿದ್ದಾರೆ. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವಿದೆ. 2023ರಲ್ಲಿ ಮೈಸೂರು ಶ್ರೀರಂಗಪಟ್ಟಣಗಳ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ತೆರೆಯಿತು. ಟಿಕೀಟು ಕೊಂಡರೆ ಕೂಲಿಯ ಮಗನೂ ಅಲ್ಲಿ ಆ ಕಾರುಗಳೆದುರು ನಿಲ್ಲಬಹುದು. ಬೀಗದ ಕೋಣೆಗಿಂತ ಇದು ಸಾವಿರ ಪಾಲು ಮೇಲು.

ಅಪೂರ್ವವಾದದ್ದೆಲ್ಲ ಅರಮನೆಯಲ್ಲೇ ಇರಬೇಕೆಂದಿಲ್ಲ. ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ಬಡವರ ರೇಸು ಕಾರಿನ ಹೆಸರನ್ನು ಎಷ್ಟು ಜನ ಕೇಳಿದ್ದಾರೆ? ಬೆಂಗಳೂರಿನಲ್ಲಿ ಮೊದಲು ಮೂರು ಚಕ್ರದ ‘ಬಾದಲ್’ ಕಾರನ್ನು ತಯಾರಿಸಿದ ಕಂಪನಿ, ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ ‘ಡಾಲ್ಫಿನ್’ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿನ ಮಾದರಿ ಅದು. 848 ಸಿಸಿಯ ಇಂಜಿನು, ಎರಡೇ ಬಾಗಿಲು, ಫೈಬರ್ ಗ್ಲಾಸಿನ ಮೈ. ತೂಕ ಕಡಿಮೆಯಾದ್ದರಿಂದ ಮದರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲಿ ದೊಡ್ಡ ಕಾರುಗಳನ್ನೂ ಹಿಂದೆ ಹಾಕಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸರಕಾರದ ಬೆಂಬಲವೂ ಜಪಾನಿನ ಯಂತ್ರವಿದ್ಯೆಯೂ ಕೂಡಿದ ಆ ಕಾರಿನೆದುರು ಸಣ್ಣ ಕಂಪನಿ ನಿಲ್ಲಲಾರದೆ ಹೋಯಿತು. ಇಂದು ಡಾಲ್ಫಿನ್ ಕಾರು ಕಣ್ಣಿಗೆ ಬೀಳುವುದೇ ಅಪರೂಪ. ಎಷ್ಟೋ ಕಾರುಗಳು ಗುಜರಿಗೆ ಹೋಗಿ ಕಿಲೋ ಲೆಕ್ಕದಲ್ಲಿ ತೂಗಿ ಮುಗಿದವು. ಫೆರಾರಿಗೆ ಬೆಲೆ ತಂದ ಅಪೂರ್ವತೆ ಇದಕ್ಕೂ ಉಂಟು, ರೇಸು ಗೆದ್ದ ಕೀರ್ತಿಯೂ ಉಂಟು. ಇಲ್ಲದ್ದು ಬೆನ್ನ ಹಿಂದೆ ನಿಲ್ಲುವ ದೊಡ್ಡ ಹಣ. ಬೆಲೆಯನ್ನು ನೋಡಿ ಮೆಚ್ಚುವವನಿಗೆ ಡಾಲ್ಫಿನ್ ಕಾಣುವುದಿಲ್ಲ. ಕೆಲಸವನ್ನು ನೋಡಿ ಮೆಚ್ಚುವವನಿಗೆ ಮಾತ್ರ ಕಾಣುತ್ತದೆ.

ಕಾಯಿದೆಯ ಕಣ್ಣಿಗಾದರೂ ಇದು ಕಾಣುತ್ತದೆಯೇ? 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ಕಾರು, ದ್ವಿಚಕ್ರಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ನಂಬರು ಫಲಕದಲ್ಲಿ ‘ವಿಎ’ ಎಂಬ ಗುರುತು, ಮೊದಲ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನಕ್ಕೂ ರ‍್ಯಾಲಿಗೂ ಒಯ್ಯಬಹುದು, ದಿನದ ಸಂಚಾರಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಕೂಡದು. ಇದು ತಪ್ಪೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಹೊರಬರುವ ಕಾರಿನ ಹೊಗೆಯಿಂದ ಊರು ಕೆಡದು. ಆದರೆ ಅದೇ 2021ರಲ್ಲಿ ಹೊರಟ ಇನ್ನೊಂದು ಆದೇಶದಂತೆ, 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಕಾರಿನ ಮರುನೋಂದಣಿ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೂ, ಅಷ್ಟೇ ಹಳೆಯ ಲಾರಿ ಬಸ್ಸುಗಳ ಫಿಟ್‌ನೆಸ್ ಪತ್ರದ ಶುಲ್ಕವನ್ನು 1,500ರಿಂದ 12,500ಕ್ಕೂ ಏರಿಸಲಾಯಿತು. ಫರಸಿ ಸಾಗಿಸಿ ಹೊಟ್ಟೆ ಹೊರೆಯುವ ಒಂದೇ ಲಾರಿಯ ಮಾಲೀಕನು, ಸಾಲದ ಮೇಲೆ ಸಾಲ ಮಾಡಿ ಹೊಸದು ಕೊಳ್ಳಲಾರದೆಯೇ ಹಳೆಯದನ್ನು ಇಟ್ಟುಕೊಂಡಿರುತ್ತಾನೆ. ಹೊಗೆ ತಡೆಯಬೇಕು, ಅದು ಎಲ್ಲರ ಉಸಿರಿನ ಪ್ರಶ್ನೆ. ಸಿಮೆಂಟಿನ ಧೂಳು ಕುಡಿದ ನಮ್ಮ ಊರುಗಳಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಪರೀಕ್ಷೆ ಕಟ್ಟುನಿಟ್ಟಾಗಲಿ, ಹೊಗೆಯುಗುಳುವ ಗಾಡಿ ರಸ್ತೆ ಬಿಡಲಿ. ಪರೀಕ್ಷೆಯಲ್ಲಿ ಪಾಸಾಗಲಿರುವ ಗಾಡಿಗೂ ಬರಿಯ ವಯಸ್ಸಿನ ದಂಡವೇಕೆ? ಉಳ್ಳವನು ಹಳೆಯದನ್ನು ಇಟ್ಟುಕೊಂಡರೆ ಪರಂಪರೆ, ಇಲ್ಲದವನು ಇಟ್ಟುಕೊಂಡರೆ ಅಪರಾಧವೇ?

ಎರಡನ್ನೂ ಜೀವಂತವಾಗಿ ಇಡುವುದು ಒಂದೇ ತೆರನ ಕೈ. ಸಿಗದ ಬಿಡಿಭಾಗವನ್ನು ಲೇತಿನ ಮೇಲೆ ಕಡೆದು ಕೊಡುವ ಟರ್ನರು, ತುಕ್ಕು ತಿಂದ ತಗಡನ್ನು ಕತ್ತರಿಸಿ ಬೆಸುಗೆ ಹಾಕುವ ವೆಲ್ಡರು, ಕಾರ್ಬುರೇಟರಿನ ಉಸಿರನ್ನು ಕಿವಿಯಿಂದ ತಿದ್ದುವ ಮಿಸ್ತ್ರಿ ಇಲ್ಲದಿದ್ದರೆ ಕೋಟಿಯ ಕಾರೂ ಗುಜರಿಯೇ. ಹೊಸ ವಾಹನಗಳಲ್ಲಿ ಭಾಗ ಕೆಟ್ಟರೆ ಕಿತ್ತು ಬೇರೆಯದನ್ನು ಹಾಕುವುದಷ್ಟೇ ಉಳಿದಿದೆ. ಕೆಟ್ಟದ್ದನ್ನು ತಿದ್ದುವ ವಿದ್ಯೆ ಹಿರಿಯ ಮಿಸ್ತ್ರಿಗಳೊಡನೆ ಮುಗಿಯುತ್ತ ಬಂದಿದೆ. ನಮ್ಮ ಭಾಗಕ್ಕೆ ಇದೇ ನಿಜವಾದ ನಷ್ಟ. ಒಂದು ಫೆರಾರಿ ನಮ್ಮ ಕೈಗೆ ಸಿಗದೆ ಹೋದರೆ ಕಳೆದುಕೊಳ್ಳುವುದೇನೂ ಇಲ್ಲ. ಒಬ್ಬ ಒಳ್ಳೆಯ ಮಿಸ್ತ್ರಿ ತನ್ನ ವಿದ್ಯೆಯನ್ನು ಯಾರಿಗೂ ಕೊಡದೆ ಹೋದರೆ ಕಳೆದುಕೊಂಡದ್ದು ಮತ್ತೆ ಬರುವುದಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಜಿಲ್ಲೆಯ ಐ.ಟಿ.ಐ.ಗಳಲ್ಲಿ ಹೊಸ ಕಂಪ್ಯೂಟರ್ ಯಂತ್ರಗಳು ಬರಲಿ, ಅದು ಆಗಬೇಕಾದದ್ದೇ. ಅವುಗಳ ಪಕ್ಕದಲ್ಲಿ ಗುಜರಿಗೆ ಹೊರಟ ಒಂದು ಪದ್ಮಿನಿಯೋ ಅಂಬಾಸಿಡರೋ ಹಳೆಯ ಜೀಪೋ ನಿಲ್ಲಲಿ. ಸರಕಾರಿ ಕಚೇರಿಗಳ ಹಿಂದೆ ಮಳೆಗೆ ಕೊಳೆಯುವ ಗಾಡಿಗಳನ್ನು ಕಿಲೋ ಲೆಕ್ಕದಲ್ಲಿ ಮಾರುವ ಮೊದಲು ಒಂದೊಂದನ್ನು ಹುಡುಗರಿಗೆ ಬಿಚ್ಚಲು ಕೊಡಲಿ. ಕಲಿಸಲು ಊರಿನ ಹಿರಿಯ ಮಿಸ್ತ್ರಿಯನ್ನು ಕರೆಯಲಿ. ಸರ್ಟಿಫಿಕೇಟು ಇಲ್ಲವೆಂದು ಬಾಗಿಲಲ್ಲಿ ತಡೆಯದಿರಲಿ, ಪುಕ್ಕಟೆ ದುಡಿಸಿಕೊಳ್ಳದೆ ತಕ್ಕ ಸಂಬಳ ಕೊಡಲಿ. ಸಂಗ್ರಹಾಲಯ ನಡೆಸುವವರಿಗೂ ಒಂದು ಮಾತು: ಯಾವ ರಾಜನದು, ಎಷ್ಟು ಸಿಲಿಂಡರು ಎಂದು ಬರೆದ ಫಲಕದ ಮೇಲೆ, ಅದನ್ನು ಮತ್ತೆ ಓಡಿಸಿದ ಕೆಲಸಗಾರರ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಇದಕ್ಕೆ ಖರ್ಚಾಗುವುದು ಒಂದಿಷ್ಟು ಬಣ್ಣ ಮಾತ್ರ.

ಟೆಕ್ಸಾಸಿನ ಆ ಶಾಲೆ 6,500 ಡಾಲರಿಗೆ ಕಾರು ಮಾರಿ ಮೋಸಹೋಯಿತೆಂದು ಮರುಗುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆ ಕಾರು ತನ್ನ ಆಯುಷ್ಯದಲ್ಲಿ ಪಂದ್ಯದ ಹೊರಗೆ ಮಾಡಿದ ಅತ್ಯಂತ ಉಪಯುಕ್ತ ಕೆಲಸವನ್ನು ಆ ಶಾಲೆಯ ಅಂಗಳದಲ್ಲೇ ಮಾಡಿತ್ತು. ಅಂಥ ಕೆಲಸಕ್ಕೆ ಫೆರಾರಿಯೇ ಬೇಕೆಂದಿಲ್ಲ. ಶಹಾಬಾದಿನ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕಾದು ನಿಂತ ಗಾಡಿಯೂ ಸಾಕು.