ತೋಟದ ಲೆಕ್ಕ ಬೇರೆ, ವ್ಯಾಪಾರದ ಲೆಕ್ಕ ಬೇರೆ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕೆಂದು ನಮ್ಮ ಜಿಲ್ಲೆಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ. ಕಾಯಿ ಉದುರಲು ತೊಡಗಿದ ಮೇಲೆ ಪಂಪು ಹುಡುಕಿದರೆ ಫಲವಿಲ್ಲ. ಲೆಕ್ಕಪತ್ರದ ವಿಷಯವೂ ಹೀಗೆಯೇ. ನೋಟೀಸು ಕೈಗೆ ಬಂದ ಮೇಲೆ ನಾಲ್ಕು ವರ್ಷಗಳ ಲೆಕ್ಕ ಬರೆಯಲು ಕುಳಿತರೆ ಅದು ಲೆಕ್ಕವಾಗುವುದಿಲ್ಲ, ಊಹೆಯಾಗುತ್ತದೆ.

2025ರ ಜುಲೈ ತಿಂಗಳಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳು ಅನುಭವಿಸಿದ್ದು ಇದನ್ನೇ. ಯುಪಿಐ ಮೂಲಕ ಖಾತೆಗೆ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಮಂದಿಗೆ ನೋಟೀಸು ಕಳುಹಿಸಿತು. ಬೇಕರಿಯವರು, ಹಾಲು ಮಾರುವವರು, ತರಕಾರಿ ಮಾರುವವರು ಎಲ್ಲರೂ ಅದರಲ್ಲಿದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ವಹಿವಾಟು ನಡೆದಿದೆಯೆಂದು 29 ಲಕ್ಷ ರೂಪಾಯಿಯ ತೆರಿಗೆ ನೋಟೀಸು ಬಂತು. ಆತ ಮಾರುತ್ತಿದ್ದುದು ರೈತರಿಂದ ಕೊಂಡ ತಾಜಾ ತರಕಾರಿ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಮುಂದೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ತೆರಿಗೆ ಇಲ್ಲದ ವಸ್ತುಗಳನ್ನು ಮಾರಿದವರಿಂದ ತೆರಿಗೆ ಕೇಳುವುದಿಲ್ಲ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿಯ ಮಿತಿಗೆ ಬಂದವರು ನೋಂದಾಯಿಸಿಕೊಳ್ಳಲೇಬೇಕು ಎಂದು ತಿಳಿಸಿದರು. ಗಲಾಟೆ ತಣ್ಣಗಾಯಿತು. ಆದರೆ ಪಾಠ ಉಳಿದಿದೆ. ಖಾತೆಗೆ ಹಣ ಬಂದುದನ್ನು ಯಂತ್ರ ತೋರಿಸುತ್ತದೆ. ಆ ಹಣ ಯಾವುದರದ್ದು ಎಂಬುದನ್ನು ನಾವೇ ತೋರಿಸಬೇಕು.

ಇದು ಪೇಟೆಯವರ ಸಮಾಚಾರ, ನಮಗೇನು ಎಂದು ಉಡುಪಿ, ಕಾಪು, ಕಾರ್ಕಳದ ರೈತರು ಸುಮ್ಮನಿರುವಂತಿಲ್ಲ. ಇಂದು ನಮ್ಮಲ್ಲಿ ಬರೇ ರೈತನಾಗಿ ಉಳಿದವರು ಕಡಿಮೆ. ಶಂಕರಪುರದ ಸುತ್ತಮುತ್ತ ಅಂಗಳದ ಮಲ್ಲಿಗೆಯೊಂದಿಗೆ ನೆರೆಮನೆಯ ಹೂವನ್ನೂ ಕೊಂಡು ಮಾರುವವರಿದ್ದಾರೆ. ಮಟ್ಟುಗುಳ್ಳ ಬೆಳೆದವರೇ ಅದನ್ನು ಮಣಿಪಾಲದ ಮನೆಗಳಿಗೆ ನೇರವಾಗಿ ಮುಟ್ಟಿಸಬಲ್ಲರು. ಕಾರ್ಕಳದ ಕಡೆ ತೋಟದೊಂದಿಗೆ ತೆಂಗಿನೆಣ್ಣೆ, ಹಪ್ಪಳ, ಜೇನು, ಕಸಿ ಗಿಡಗಳ ಮಾರಾಟವೂ ಸೇರಿಕೊಳ್ಳುತ್ತದೆ. ಇದು ಒಳ್ಳೆಯದೇ. ಬೆಳೆದವನಿಗೆ ನಾಲ್ಕು ಕಾಸು ಹೆಚ್ಚು ಸಿಗುವ ದಾರಿ ಇದು. ಆದರೆ ತೋಟದ ಹಣ, ಅಂಗಡಿಯ ಹಣ, ಮಗ ಮುಂಬಯಿಯಿಂದ ಕಳುಹಿಸಿದ ಹಣ, ಚೀಟಿಯ ಹಣ, ಕೈಸಾಲ ಎಲ್ಲವೂ ಒಂದೇ ಖಾತೆಗೆ, ಒಂದೇ ಕ್ಯೂಆರ್ ಕೋಡಿಗೆ ಬಂದು ಬೀಳುತ್ತಿದ್ದರೆ ಹೊರಗಿನವರ ಕಣ್ಣಿಗೆ ಎಲ್ಲವೂ ವ್ಯಾಪಾರವೇ.

ಯಾವುದು ಕೃಷಿ, ಯಾವುದು ವ್ಯಾಪಾರ?

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ಎಲ್ಲರಿಗೂ ಗೊತ್ತು. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಹೊಸ ಕಾಯ್ದೆಯಲ್ಲಿಯೂ ಈ ವಿನಾಯಿತಿ ಉಳಿದಿದೆ. ಆದರೆ ಹಳ್ಳಿಯಲ್ಲಿ ಹುಟ್ಟಿದ ಆದಾಯವೆಲ್ಲ ಕೃಷಿ ಆದಾಯವಲ್ಲ.

ಬೆಳೆದ ವಸ್ತುವನ್ನು ಮಾರುಕಟ್ಟೆಗೆ ಯೋಗ್ಯವಾಗಿಸಲು ರೈತನು ವಾಡಿಕೆಯಾಗಿ ಮಾಡುವ ಕೆಲಸವೂ ಕೃಷಿಯೇ. ಅಡಿಕೆ ಒಣಗಿಸಿ ಸುಲಿಯುವುದು, ತೆಂಗಿನಕಾಯಿಯನ್ನು ಕೊಬ್ಬರಿ ಮಾಡುವುದು ಇಂಥವು. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಮಾರಾಟವನ್ನೂ ಕಾನೂನು ಕೃಷಿ ಆದಾಯವೆಂದೇ ಎಣಿಸುತ್ತದೆ. ಆದರೆ ಹೈನುಗಾರಿಕೆ, ಕೋಳಿ ಸಾಕಣೆ, ಜೇನು ಸಾಕಣೆಗಳ ಆದಾಯ ಆದಾಯ ತೆರಿಗೆಯ ಮಟ್ಟಿಗೆ ಕೃಷಿ ಆದಾಯವಲ್ಲ. ಇದು ಅನೇಕರಿಗೆ ಆಶ್ಚರ್ಯವಾಗಬಹುದು. ಹಾಗೆಯೇ ನೆರೆಯವನ ಕಾಯಿಯನ್ನೋ ಹೂವನ್ನೋ ಕೊಂಡು ಮಾರಿದರೆ ಅಷ್ಟರ ಮಟ್ಟಿಗೆ ನೀವು ವ್ಯಾಪಾರಿ.

ಸ್ವಂತ ತೋಟದ ಕಾಯಿಯಿಂದ ಎಣ್ಣೆ ತೆಗೆದು ಮಾರುವವರ ಲೆಕ್ಕ ಎರಡು ಪಾಲಾಗುತ್ತದೆ. ಉದಾಹರಣೆಗೆ, ಗಾಣಕ್ಕೆ ಹಾಕಿದ ಕಾಯಿಗೆ ಆ ದಿನದ ಮಾರುಕಟ್ಟೆ ಬೆಲೆ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಗಾಣದ ಕೂಲಿ, ಬಾಟಲಿ, ಸಾಗಾಟ ಸೇರಿ 30,000 ರೂಪಾಯಿ ಖರ್ಚು. ಎಣ್ಣೆ ಮತ್ತು ಹಿಂಡಿ ಮಾರಿ ಬಂದದ್ದು 1,80,000 ರೂಪಾಯಿ. ಇಲ್ಲಿ ಕಾಯಿಯ ಬೆಲೆಯಾದ 1,20,000 ರೂಪಾಯಿ ಕೃಷಿಯ ಕಡೆಗೆ ಹೋಗುತ್ತದೆ. ವ್ಯಾಪಾರದ ಲಾಭ 30,000 ರೂಪಾಯಿ ಮಾತ್ರ. ಎಷ್ಟು ಕಾಯಿ ಹಾಕಿದಿರಿ, ಆ ದಿನದ ಬೆಲೆ ಎಷ್ಟಿತ್ತು ಎಂದು ಬರೆದಿಟ್ಟಿರದಿದ್ದರೆ ಈ 1,80,000 ರೂಪಾಯಿಯೂ ಎಣ್ಣೆ ವ್ಯಾಪಾರದ ಹಣವೆಂದೇ ಕಾಣುತ್ತದೆ.

ಹೆದರುವ ಅಗತ್ಯವಿಲ್ಲ. 2025-26ರ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ರೂಪಾಯಿಯವರೆಗೆ ಇರುವ ಸಾಮಾನ್ಯ ವ್ಯಕ್ತಿಗೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲ. ಆದರೆ ಎರಡು ಮಾತು ನೆನಪಿರಲಿ. ತೆರಿಗೆಗೆ ಒಳಪಡುವ ಆದಾಯ 4 ಲಕ್ಷ ರೂಪಾಯಿ ದಾಟಿದರೆ, ಕಟ್ಟಲು ತೆರಿಗೆ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಬೇಕು. ಎರಡನೆಯದಾಗಿ, ಬೇರೆ ಆದಾಯ ಮಿತಿ ದಾಟಿದವರ ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದರೆ, ತೆರಿಗೆಯ ದರವನ್ನು ನಿರ್ಧರಿಸುವುದಕ್ಕಾಗಿ ಅದನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಆದುದರಿಂದ ಕೃಷಿ ಆದಾಯಕ್ಕೂ ಪುಸ್ತಕ ಬೇಕು.

ಸರಕು ಮತ್ತು ಸೇವಾ ತೆರಿಗೆ

2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ, ತನ್ನ ಜಮೀನಿನಲ್ಲಿ ತಾನೇ ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಆಳುಗಳಿಂದ ಬೆಳೆಸಿದ ಬೆಳೆಯನ್ನು ಮಾರುವ ರೈತನಿಗೆ ನೋಂದಣಿ ಬೇಕಾಗಿಲ್ಲ. ತಾಜಾ ಹೂವು, ತರಕಾರಿ, ಹಾಲು, ತೆಂಗಿನಕಾಯಿ, ಹಪ್ಪಳ ಮುಂತಾದುವಕ್ಕೆ ತೆರಿಗೆ ಇಲ್ಲ. ಇಂಥ ವಸ್ತುಗಳನ್ನು ಮಾತ್ರ ಮಾರುವ ವ್ಯಾಪಾರಿಗೂ ನೋಂದಣಿಯ ಅಗತ್ಯವಿಲ್ಲ.

ಎಡವುವುದು ಎಲ್ಲಿ ಎಂದರೆ, ಹೂವು ತರಕಾರಿಯ ಜೊತೆಗೆ ತೆಂಗಿನೆಣ್ಣೆಯಂಥ ತೆರಿಗೆಯುಳ್ಳ ವಸ್ತುವನ್ನೂ ಮಾರಲು ತೊಡಗಿದಾಗ. ಆಗ ವ್ಯಾಪಾರಿಯ ತೆರಿಗೆ ಇಲ್ಲದ ಮಾರಾಟವೂ ಒಟ್ಟು ವಹಿವಾಟಿಗೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸರಕು ಮಾತ್ರ ಮಾರುವವರಿಗೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ಮಿತಿ. ಈ ಮಿತಿ ಲಾಭದ ಮೇಲಲ್ಲ, ಒಟ್ಟು ಮಾರಾಟದ ಮೇಲೆ. ಮಿತಿ ದಾಟಿದ ಸಣ್ಣ ವ್ಯಾಪಾರಿಗೆ 1.5 ಕೋಟಿ ರೂಪಾಯಿವರೆಗೆ ರಾಜಿ ಪದ್ಧತಿ ಇದೆ. ಅದರಲ್ಲಿ ಶೇಕಡಾ 1ರಂತೆ ಕಟ್ಟಿ ಸರಳ ಲೆಕ್ಕ ಕೊಟ್ಟರಾಯಿತು. ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ.

ಕ್ಯೂಆರ್ ಫಲಕ ತೆಗೆದು ಬರೇ ನಗದು ಎಂದು ಬರೆದು ಹಾಕಿದರೆ ಪಾರಾದೆವೆಂದು ಕೆಲವರು ತಿಳಿಯುತ್ತಾರೆ. ಇದು ತಪ್ಪು. ಹಣ ಹೇಗೆ ಬಂದರೂ ಮಾರಾಟ ಮಾರಾಟವೇ. ನಗದಿನಲ್ಲಿ ವ್ಯವಹರಿಸಿದವನ ಬಳಿ ತನ್ನ ಪರವಾದ ಸಾಕ್ಷಿಯೂ ಉಳಿಯುವುದಿಲ್ಲ.

ತಯಾರಿಸಿದ ತಿನಿಸುಗಳನ್ನು ಪೊಟ್ಟಣ ಕಟ್ಟಿ ಮಾರುವವರಿಗೆ ಇನ್ನೆರಡು ಕರ್ತವ್ಯಗಳಿವೆ. ರೈತನು ತೋಟದಲ್ಲಿ ಬೆಳೆದ ಬೆಳೆಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಹಪ್ಪಳ, ಉಪ್ಪಿನಕಾಯಿ, ಎಣ್ಣೆ ತಯಾರಿಸಿ ಮಾರಿದರೆ ವ್ಯಾಪಾರದ ಗಾತ್ರಕ್ಕೆ ತಕ್ಕಂತೆ ಆ ಕಾಯ್ದೆಯ ನೋಂದಣಿ ಅಥವಾ ಪರವಾನಿಗೆ ಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು ಮತ್ತು ವರ್ಷ ಇರತಕ್ಕದ್ದು.

ಪುಸ್ತಕ ಹೇಗಿರಬೇಕು?

ದೊಡ್ಡ ವಿದ್ಯೆ ಬೇಕಾಗಿಲ್ಲ. ಶಾಲೆಯ ಮಕ್ಕಳ ನೂರು ಪುಟದ ಎರಡು ಪುಸ್ತಕಗಳು ಸಾಕು, ತೋಟಕ್ಕೊಂದು, ವ್ಯಾಪಾರಕ್ಕೊಂದು. ತಾರೀಕು, ವಸ್ತು, ಪ್ರಮಾಣ, ಯಾರಿಂದ ಅಥವಾ ಯಾರಿಗೆ, ಮೊತ್ತ, ನಗದೋ ಬ್ಯಾಂಕೋ, ಈ ಆರು ಮನೆಗಳನ್ನು ಗೆರೆ ಹಾಕಿಕೊಳ್ಳಿ. ಮಲ್ಲಿಗೆ ಬೆಳೆಗಾರರು ಅಟ್ಟೆ ಎಷ್ಟು, ಚೆಂಡು ಎಷ್ಟು, ಆ ದಿನದ ದರ ಎಷ್ಟು ಎಂದು ದಿನವೂ ಬರೆಯಬೇಕು. ದರ ದಿನದಿನಕ್ಕೆ ಬದಲಾಗುವ ಬೆಳೆ ಅದು. ಹಣ ವಾರಕ್ಕೋ ತಿಂಗಳಿಗೋ ಒಟ್ಟಾಗಿ ಕೈಸೇರುವುದಾದರೆ ಬರವಣಿಗೆ ಇಲ್ಲದೆ ಬಾಕಿ ಎಷ್ಟೆಂದು ತಿಳಿಯುವುದೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ಹೂ ಕೊಯ್ದು ಕಟ್ಟುವವರು ಹೆಂಗಸರು. ಪುಸ್ತಕವೂ ಅವರ ಕೈಯಲ್ಲೇ ಇರುವುದು ಲೇಸು.

ವ್ಯಾಪಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆದು ಅಂಗಡಿಯ ಕ್ಯೂಆರ್ ಕೋಡನ್ನು ಅದಕ್ಕೇ ಜೋಡಿಸಿರಿ. ಮನೆಖರ್ಚಿಗೆ ಹಣ ತೆಗೆದರೆ ಮನೆಖರ್ಚು ಎಂದೇ ಬರೆಯಿರಿ. ಸೊಸೈಟಿಯಿಂದ ಬಡ್ಡಿಯಿಲ್ಲದೆ ಸಿಕ್ಕ ಬೆಳೆ ಸಾಲವನ್ನು ಅಂಗಡಿಗೆ ಸುರಿಯಬೇಡಿ. 5 ಲಕ್ಷ ರೂಪಾಯಿವರೆಗಿನ ಆ ಸಾಲಕ್ಕೆ ಬಡ್ಡಿಯ ರಿಯಾಯಿತಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ. ವ್ಯಾಪಾರದಲ್ಲಿ ಸಿಕ್ಕಿಕೊಂಡ ಹಣ ವಾಯಿದೆಗೆ ಸರಿಯಾಗಿ ಹಿಂದಿರುಗುವುದೆಂಬ ಭರವಸೆ ಇಲ್ಲ.

ಪಹಣಿಯ ಬೆಳೆ ಕಾಲಂ ಕೂಡ ನಿಮ್ಮ ಲೆಕ್ಕಪುಸ್ತಕದ ಒಂದು ಪುಟವೆಂದು ತಿಳಿಯಿರಿ. ಲಕ್ಷಾಂತರ ರೂಪಾಯಿಯ ಹೂವು ಮಾರಿದವನ ಪಹಣಿಯಲ್ಲಿ ಬರೇ ಭತ್ತವಿದ್ದರೆ, ಹೂವು ಸ್ವಂತ ಬೆಳೆಯೆಂದು ತೋರಿಸುವುದು ಕಷ್ಟ. ಬೆಳೆ ಸಮೀಕ್ಷೆಯ ಸಮಯದಲ್ಲಿ ಸ್ವತಃ ನಿಂತು ಇದ್ದ ಬೆಳೆಯನ್ನು ಸರಿಯಾಗಿ ದಾಖಲಿಸಿಕೊಳ್ಳಿ.

ಕಾಗದದ ಬೆಲೆ ನಮಗೆ ಹೊಸತಲ್ಲ

ಕಾಗದವೊಂದು ಬದುಕನ್ನೇ ನಿರ್ಧರಿಸಿದ ಕಾಲವನ್ನು ಕರಾವಳಿ ಕಂಡಿದೆ. 1974ರ ಭೂ ಸುಧಾರಣೆಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅರ್ಜಿಗೆ 1979ರ ಜೂನ್ 30 ಕೊನೆಯ ದಿನವಾಗಿತ್ತು. ಗೇಣಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡವರ ಕೈಯಲ್ಲಿ ಬಲವಾದ ಸಾಕ್ಷಿ ಇತ್ತು. ಇಂದು ಗೊಬ್ಬರದ ಬಿಲ್ಲು, ಸೊಸೈಟಿಯ ರಸೀದಿ, ಹೂವಿನ ಚೀಟಿಗಳನ್ನು ಎಸೆಯುವ ಯುವಕರು ಮನೆಯ ಹಿರಿಯರಲ್ಲಿ ಆ ದಿನಗಳ ಬಗ್ಗೆ ಒಮ್ಮೆ ಕೇಳಿ ತಿಳಿಯಬೇಕು.

ಲೆಕ್ಕದ ಶಿಸ್ತೂ ಈ ಮಣ್ಣಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೂ ಮನೆಬಾಗಿಲಿಗೆ ಬಂದು ಪಡೆದು, ಅಲ್ಲೇ ಬರೆದುಕೊಡುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಸಣ್ಣ ಮೊತ್ತವನ್ನೂ ಅಂದಂದೇ ಬರೆಯಬೇಕೆಂಬ ಅಭ್ಯಾಸವನ್ನು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲೇ ಅದು ಕಲಿಸಿತ್ತು.

ಇಲಾಖೆಗಳಿಗೂ ಒಂದು ಮಾತು

ರೈತನನ್ನು ಮಾತ್ರ ದೂರಿದರೆ ನ್ಯಾಯವಾಗದು. ಖಾತೆಯ ಮೊತ್ತವೊಂದನ್ನೇ ನೋಡಿ, ಏನು ಮಾರಿದನೆಂದು ಕೇಳದೆ ಲಕ್ಷಗಟ್ಟಲೆ ತೆರಿಗೆಯ ನೋಟೀಸು ಕಳುಹಿಸುವುದು ಆಡಳಿತಕ್ಕೆ ಶೋಭೆಯಲ್ಲ. ಮೊದಲು ತಿಳಿವಳಿಕೆ ಪತ್ರ, ಅದೂ ಓದಿದರೆ ಅರ್ಥವಾಗುವ ಕನ್ನಡದಲ್ಲಿ, ಬಳಿಕ ನೋಟೀಸು, ಇದು ಕ್ರಮವಾಗಬೇಕು. ಬೀಜ ಗೊಬ್ಬರಕ್ಕಾಗಿ ರೈತರು ಬರುವ ರೈತ ಸಂಪರ್ಕ ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ತೆರಿಗೆ ಇಲಾಖೆಯವರೂ ಆಹಾರ ಸುರಕ್ಷತಾ ಅಧಿಕಾರಿಗಳೂ ಕುಳಿತು ಸಂಶಯ ಪರಿಹರಿಸಬೇಕು. ಸಹಕಾರ ಸಂಘಗಳು ಮನಸ್ಸು ಮಾಡಿದರೆ ಸದಸ್ಯರಿಗೆ ಅಚ್ಚುಹಾಕಿದ ಲೆಕ್ಕಪುಸ್ತಕ ಕೊಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಅದಾಗುವ ತನಕ ಕಾಯಬೇಕಾಗಿಲ್ಲ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ತೊಡಗುವುದಾದರೂ ಪುಸ್ತಕ ತೊಡಗಲು ಇಂದೇ ಒಳ್ಳೆಯ ದಿನ. ಈ ವಾಚನಾಲಯದಲ್ಲಿ ಕುಳಿತು ಓದುತ್ತಿರುವವರಲ್ಲಿ ಲೆಕ್ಕ ಬಲ್ಲವರು ಬಾರದವರಿಗೆ ವಾರಕ್ಕೊಂದು ಸಂಜೆ ಹೇಳಿಕೊಟ್ಟರೆ ಊರಿಗೇ ಉಪಕಾರ. ವ್ಯವಹಾರ ಹೆಚ್ಚಿದವರು ಲೆಕ್ಕ ಪರಿಶೋಧಕರನ್ನು ಒಮ್ಮೆ ಕಂಡು ಮಾತನಾಡಲಿ. ಬೆವರು ಸುರಿಸಿ ಬೆಳೆದದ್ದು ನಮ್ಮದೇ ಎಂದು ಹೇಳುವ ಹಕ್ಕು ರೈತನಿಗೆ ಇದ್ದೇ ಇದೆ. ಅದನ್ನು ಕೇಳಿದವರ ಮುಂದೆ ತೋರಿಸಲು ಎರಡು ಪುಸ್ತಕಗಳು ಮನೆಯಲ್ಲಿರಲಿ.